ಕೀಟೋ: ತೂಕ 83ಕ್ಕೆ ಬಂದು ನಿಂತಿದೆ, ಏನು ಮಾಡಿದರೂ ಇಳಿಯುತ್ತಿಲ್ಲ

ಮಂಡಿಪೇಟೆ
ಮೊದಲೇ ಹೇಳಿಬಿಡುತ್ತೇನೆ: ನಡೆಯಿರಿ, ನೀರು ಕುಡಿಯಿರಿ ಎಂಬ ಉಪದೇಶ ಬೇಡ. ಕುಂದವಾಡ ಕೆರೆಯ ಏರಿಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತೇನೆ. ನೀರನ್ನೂ ಕುಡಿಯುತ್ತೇನೆ.

ದಸರಾ ಮುಗಿದ ಮೇಲೆ 96 ಕೆಜಿಯಿಂದ ಕೀಟೋ ಶುರು ಮಾಡಿದೆ, ಅಂದರೆ ಕಾರ್ಬ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಊಟ. ಮೊದಲು ಸರಸರ ಇಳಿಯಿತು. ಸಂಕ್ರಾಂತಿ ಹೊತ್ತಿಗೆ 84, ಆಮೇಲೆ 83. ಯುಗಾದಿ ಹೋಯಿತು, ಬಸವ ಜಯಂತಿಯೂ ಹೋಯಿತು, 83 ಮಾತ್ರ ಜಾಗ ಬಿಟ್ಟು ಕದಲುತ್ತಿಲ್ಲ. ಅನ್ನ ಇಲ್ಲ, ರೊಟ್ಟಿ ಇಲ್ಲ, ಮುದ್ದೆ ಇಲ್ಲ. ದಾವಣಗೆರೆಯಲ್ಲಿದ್ದುಕೊಂಡು ದೋಸೆ ಬಿಟ್ಟು ಬರೀ ಬೆಣ್ಣೆ ತಿನ್ನುವವನ ಸಂಕಟ ನಿಮಗೆ ಅರ್ಥವಾಗಬೇಕು. ಇಷ್ಟು ತುಪ್ಪದ ದುಡ್ಡಿಗೆ ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಬಹುದಿತ್ತು ಎಂದು ಹೆಂಡತಿ ದಿನಾ ಲೆಕ್ಕ ಹೇಳುತ್ತಾಳೆ.

ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿದ್ದೇನೆ. ಕಾರ್ಬ್ 20 ಗ್ರಾಂ ದಾಟುವುದಿಲ್ಲ. ಮೂತ್ರ ಪರೀಕ್ಷೆಯ ಪಟ್ಟಿ ಮೊದಲು ಕಡುನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಈಗ ತಿಳಿಗುಲಾಬಿ. ಕೀಟೋಸಿಸ್‌ನಿಂದ, ಅಂದರೆ ದೇಹ ಕೊಬ್ಬನ್ನು ಕೀಟೋನ್ ಮಾಡಿಕೊಂಡು ಉರಿಸುವ ಸ್ಥಿತಿಯಿಂದ, ಹೊರಬಿದ್ದೆನೇ? ಕೊಬ್ಬನ್ನು ಇನ್ನೂ ಹೆಚ್ಚಿಸಬೇಕೇ? ಗೊತ್ತಿದ್ದವರು ಮಾತ್ರ ಉತ್ತರಿಸಿ.

ಏಳುಸುತ್ತು_ದುರ್ಗ
ಸರ್, ಗಾಡಿ ನಿಂತಿದೆ ಎಂದಿರಿ, ಪೆಟ್ರೋಲೋ ಡೀಸೆಲೋ ಹೇಳಲಿಲ್ಲ. ವಯಸ್ಸು, ಎತ್ತರ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀರಿ, ಮಾತ್ರೆಗಳೇನಾದರೂ ಇವೆಯೇ, ಯಾವುದರಲ್ಲಿ ತೂಗುತ್ತೀರಿ, ಎಷ್ಟು ಹೊತ್ತಿಗೆ? ಇಷ್ಟನ್ನು ಬರೆಯಿರಿ.

ಪಟ್ಟಿಯ ಬಣ್ಣಕ್ಕೆ ಹೆದರಬೇಡಿ. ಅದು ಹಿಡಿಯುವುದು ಅಸಿಟೋಅಸಿಟೇಟ್ ಎಂಬ ಕೀಟೋನ್ ಅನ್ನು. ದೇಹ ಒಗ್ಗಿಕೊಂಡ ಮೇಲೆ ಅದು ಮೂತ್ರದಲ್ಲಿ ಹೋಗುವುದು ಕಡಿಮೆಯಾಗುತ್ತದೆ. ನೀರು ಜಾಸ್ತಿ ಕುಡಿದಿದ್ದರೂ ಬಣ್ಣ ತಿಳಿಯಾಗುತ್ತದೆ. ರಕ್ತದಲ್ಲಿ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಕೀಟೋನ್ ನೋಡುವ ಮೀಟರ್ ಸಿಗುತ್ತದೆ, ಅದರಲ್ಲಿ 0.5 ದಾಟಿದರೆ ಕೀಟೋಸಿಸ್ ಎಂದು ಲೆಕ್ಕ. ಇನ್ನು ಮೊದಲು ಸರಸರ ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದು. ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಒಂದು ಗ್ರಾಂ ಖರ್ಚಾದರೆ ಅದರೊಂದಿಗೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಆ ವೇಗ ಮತ್ತೆ ಬರುವುದಿಲ್ಲ.

ಹಾಲು_ಬಿಟ್ಟವ
ಇಷ್ಟೆಲ್ಲ ಪ್ರಶ್ನೆ ಯಾಕೆ? ಹಾಲಿನ ಪದಾರ್ಥ ಬಿಡಿ, ಮುಗಿಯಿತು. ಪನೀರ್, ಮೊಸರು, ಮಜ್ಜಿಗೆ ಇವುಗಳಿಂದ ಇನ್ಸುಲಿನ್ ಏರುತ್ತದೆ. ನನಗೂ ಹೀಗೆಯೇ ನಿಂತಿತ್ತು, ಹಾಲು ಬಿಟ್ಟ ಮೇಲೆ ಇಳಿಯಿತು.

ಮಂಡಿಪೇಟೆ
ವಯಸ್ಸು 44, ಎತ್ತರ ಐದು ಅಡಿ ಏಳು ಅಂಗುಲ. ತೂಗುವುದು ನಮ್ಮ ಮಂಡಿಯ ಕಾಟಾದಲ್ಲಿ. ಮೆಕ್ಕೆಜೋಳದ ಚೀಲ ತೂಗುವ ಕಾಟಾ, ವರ್ಷ ವರ್ಷ ಇಲಾಖೆಯ ಮುದ್ರೆ ಬೀಳುತ್ತದೆ. ಬಚ್ಚಲಮನೆಯಲ್ಲಿ ಇಡುವ ಗಾಜಿನ ಯಂತ್ರಗಳನ್ನು ನಾನು ನಂಬುವುದಿಲ್ಲ. ಊಟ ಎಲ್ಲರಂತೆ ಕೀಟೋ ಊಟವೇ, ಅದರಲ್ಲಿ ಬರೆಯುವುದೇನಿದೆ? ಮಜ್ಜಿಗೆ ಬಿಡು ಎಂದರೆ ಈ ಬಿಸಿಲಿನಲ್ಲಿ ಮಂಡಿಯಲ್ಲಿ ಕೂರುವುದು ಹೇಗೆ?

ತಕ್ಕಡಿ
ಚೀಲ ತೂಗುವ ಕಾಟಾ ಎಷ್ಟು ಗ್ರಾಂಗೆ ಒಂದು ಹೆಜ್ಜೆ ತೋರಿಸುತ್ತದೆ? 50 ಅಥವಾ 100 ಇರಬೇಕು. ಅಷ್ಟು ಸಾಕು, ಅದು ತೊಂದರೆಯಲ್ಲ. ಆದರೆ ಮಂಡಿಗೆ ಹೋಗಿ ತೂಗುವುದು ಎಂದರೆ ತಿಂಡಿ ತಿಂದು, ಬಟ್ಟೆ ಹಾಕಿಕೊಂಡು, ಮೊಬೈಲ್ ಕಿಸೆಯಲ್ಲಿಟ್ಟುಕೊಂಡು ಅಲ್ಲವೇ? ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ತೂಗಿ. ದಿನದ ಅಂಕಿ ನೋಡಬೇಡಿ, ವಾರದ ಸರಾಸರಿ ನೋಡಿ. ಸೊಂಟವನ್ನು ಟೇಪಿನಲ್ಲಿ ಅಳೆಯಿರಿ.

ನಿಜವಾಗಿ ತೂಗಬೇಕಾದದ್ದು ತಟ್ಟೆಯನ್ನು. ಅಡುಗೆಮನೆಯ ಪುಟ್ಟ ತಕ್ಕಡಿ ಒಂದನ್ನು ಕೊಂಡುಕೊಳ್ಳಿ. ತುಪ್ಪ ಊಟದ ಚಮಚ ಒಂದಕ್ಕೆ 14 ಗ್ರಾಂ, ಅಂದರೆ 120 ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಮನೆಗಳಲ್ಲಿ ತುಪ್ಪ ಬಡಿಸುವುದು ಸೌಟಿನಲ್ಲಿ. 96 ಕೆಜಿಯ ದೇಹಕ್ಕೆ ಬೇಕಿದ್ದಷ್ಟು 83 ಕೆಜಿಯ ದೇಹಕ್ಕೆ ಬೇಡ, ಊಟದ ಅಳತೆ ಮಾತ್ರ ಅಂದಿನದೇ ಉಳಿದರೆ ಎರಡೂ ಸರಿಸಮವಾಗಿ ಇಳಿತ ನಿಲ್ಲುತ್ತದೆ. ಕೊಬ್ಬನ್ನು ಹೆಚ್ಚಿಸುವುದು ಇದಕ್ಕೆ ತೀರಾ ತಿರುಗುಮುರುಗು ಮದ್ದು.

ಚಳ್ಳಕೆರೆ_ಗಾಣ
ಯಾವ ಎಣ್ಣೆ ಬಳಸುತ್ತೀರಿ ಎಂದು ಒಬ್ಬರೂ ಕೇಳಲಿಲ್ಲವಲ್ಲ! ರಿಫೈನ್ಡ್ ಎಣ್ಣೆ ತಿಂದರೆ ತೂಕ ಎಲ್ಲಿ ಇಳಿಯುತ್ತದೆ? ಎಣ್ಣೆಗೆ ಹೆಸರಾದ ಊರಿನವನು ಹೇಳುತ್ತಿದ್ದೇನೆ, ಮರದ ಗಾಣದ ಶೇಂಗಾ ಎಣ್ಣೆಗೆ ಬನ್ನಿ. ನಮ್ಮದು ಬಾಗೆ ಮರದ ಒರಳು, ಮೋಟಾರಿಗೆ ಗೇರ್ ಹಾಕಿ ನಿಧಾನವಾಗಿ ತಿರುಗಿಸುತ್ತೇವೆ, ಎಣ್ಣೆ ಬಿಸಿಯೇ ಆಗುವುದಿಲ್ಲ. ಚಿತ್ರ ಹಾಕುತ್ತೇನೆ ಇರಿ.

ಹೊಸದುರ್ಗ_ತೆಂಗು
ಗಾಣದ ಅಣ್ಣ ಬಂದರು, ಇನ್ನು ಚರ್ಚೆ ಮುಗಿದಂತೆಯೇ. ಕೀಟೋಗೆ ಕೊಬ್ಬರಿ ಎಣ್ಣೆಯೇ ಸರಿ. ಅದರ ಕೊಬ್ಬಿನ ಒಂದು ಪಾಲು ಬೇಗ ಯಕೃತ್ತಿಗೆ ಹೋಗಿ ಕೀಟೋನ್ ಆಗುತ್ತದೆ.

ತಕ್ಕಡಿ
ಗಾಣದ್ದಾಗಲಿ ಕೊಬ್ಬರಿಯದಾಗಲಿ ಪ್ಯಾಕೆಟ್ಟಿನದಾಗಲಿ, ಕೊಬ್ಬು ಒಂದು ಗ್ರಾಂಗೆ 9 ಕ್ಯಾಲೊರಿ. ರುಚಿಗೆ ಬೇರೆ, ಲೆಕ್ಕಕ್ಕೆ ಒಂದೇ.

ಚಳ್ಳಕೆರೆ_ಗಾಣ
ಲೆಕ್ಕ ಲೆಕ್ಕ ಎಂದು ಬದುಕಿದವರು ಯಾರು? ನಮ್ಮ ಅಜ್ಜ ತಕ್ಕಡಿ ಇಟ್ಟುಕೊಂಡು ಉಂಡವರಲ್ಲ.

ಹಾಲು_ಬಿಟ್ಟವ
ಅಜ್ಜ ಹೊಲದಲ್ಲಿ ದುಡಿಯುತ್ತಿದ್ದರು. ಅದಿರಲಿ, ಹಾಲಿನ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮಂಡಿಪೇಟೆ
ಊಟದ ಪಟ್ಟಿ ಬೇಕೇ ಬೇಕು ಎಂದರೆ ತೆಗೆದುಕೊಳ್ಳಿ. ಬೆಳಿಗ್ಗೆ ಬೆಣ್ಣೆ ಹಾಕಿದ ಕಾಫಿ. ಹನ್ನೊಂದಕ್ಕೆ ಮಂಡಿಯ ಹತ್ತಿರ ಆಮ್ಲೆಟ್, ಮನೆಯೊಳಗೆ ಮೊಟ್ಟೆ ಬರುವಂತಿಲ್ಲ. ಮಧ್ಯಾಹ್ನ ಹೀರೇಕಾಯಿಯೋ ಹೂಕೋಸೋ ಪಲ್ಯ, ಪನೀರ್, ತುಪ್ಪ, ಶೇಂಗಾ ಚಟ್ನಿ. ಸಂಜೆ ಇನ್ನೊಂದು ಬೆಣ್ಣೆ ಕಾಫಿ. ರಾತ್ರಿ ಪನೀರ್, ಸೊಪ್ಪು. ಗಿರಾಕಿಗಳು ಬಂದಾಗ ಹುರಿದ ಶೇಂಗಾ, ಅದು ಊಟವಲ್ಲ, ಲೆಕ್ಕಕ್ಕೆ ಬಾರದು. ಸಂಜೆ ಗೆಳೆಯರು ಮಂಡಕ್ಕಿ ಮೆಣಸಿನಕಾಯಿಗೆ ಕರೆದರೆ ಮಂಡಕ್ಕಿಯನ್ನು ಮುಟ್ಟುವುದಿಲ್ಲ, ಮೆಣಸಿನಕಾಯಿ ಮಾತ್ರ.

ಇದರಲ್ಲಿ ತಪ್ಪೆಲ್ಲಿದೆ, ತೋರಿಸಿ.

ಏಳುಸುತ್ತು_ದುರ್ಗ
ಮೆಣಸಿನಕಾಯಿ ಮಾತ್ರ! ಸರ್, ಅದರ ಮೇಲಿರುವುದು ಕಡಲೆಹಿಟ್ಟು. 100 ಗ್ರಾಂ ಹಿಟ್ಟಿನಲ್ಲಿ 58 ಗ್ರಾಂನಷ್ಟು ಕಾರ್ಬ್ ಇದೆ. ನಾಲ್ಕು ಮೆಣಸಿನಕಾಯಿ ತಿಂದರೆ ನಿಮ್ಮ 20 ಗ್ರಾಂ ಅಲ್ಲಿಗೇ ತೀರಬಹುದು. ಶೇಂಗಾ 100 ಗ್ರಾಂನಲ್ಲಿ ಸುಮಾರು 570 ಕ್ಯಾಲೊರಿ, 16 ಗ್ರಾಂ ಕಾರ್ಬ್. ಗಿರಾಕಿಗಳು ಎಷ್ಟು ಜನ ಬರುತ್ತಾರೆ?

ಮಂಡಿಪೇಟೆ
ಸುಗ್ಗಿಯಲ್ಲಿ ಜಾಸ್ತಿ.

ದಾವಣಗೆರೆ_ಜಿಮ್
ಎಲ್ಲರೂ ಪ್ರೋಟೀನ್ ಮರೆತಿದ್ದೀರಿ. ಬೆಣ್ಣೆ ಕಾಫಿಯಲ್ಲಿ ಪ್ರೋಟೀನ್ ಎಲ್ಲಿದೆ? ಎರಡು ಲೋಟ ಬೆಣ್ಣೆ ಕುಡಿದು ಹಸಿವಿಲ್ಲ ಎನ್ನುವುದಕ್ಕಿಂತ ಅದನ್ನು ತೆಗೆದು ಇನ್ನೆರಡು ಮೊಟ್ಟೆ ತಿನ್ನಿ. ಕೀಟೋದಲ್ಲಿ ಕಾರ್ಬ್‌ಗೆ ಮಿತಿ ಇದೆ, ಪ್ರೋಟೀನ್‌ಗೆ ಗುರಿ ಇದೆ, ಕೊಬ್ಬಿಗೆ ಗುರಿ ಇಟ್ಟು ತುರುಕುವ ಅಗತ್ಯವಿಲ್ಲ. ಮೈಯಲ್ಲಿ ಇರುವ ಕೊಬ್ಬೇ ಕರಗಬೇಕಲ್ಲವೇ? ಜೊತೆಗೆ ಭಾರ ಎತ್ತಿ. ನಾನು ಮನೆಯ ಮೇಲೇ ಜಿಮ್ ಮಾಡಿಕೊಂಡಿದ್ದೇನೆ, ಬಾರ್, ಬೆಂಚ್, ಹರಿಹರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ರ‍್ಯಾಕ್. ಇನ್ನೂರು ಕೆಜಿ ಹಾಕಿದರೂ ಅಲುಗಾಡುವುದಿಲ್ಲ.

ಹೊಸದುರ್ಗ_ತೆಂಗು
ರ‍್ಯಾಕ್ ಎಷ್ಟಾಯಿತು ಸರ್? ನಮ್ಮ ಹುಡುಗನಿಗೂ ಬೇಕಿತ್ತು.

ರಾಗಿಗೆ_ಜೈ
ಇಷ್ಟೆಲ್ಲ ಒದ್ದಾಟ ಯಾಕೆ, ಒಂದು ಮುದ್ದೆ ಸೊಪ್ಪಿನ ಸಾರು ಉಂಡು ನೆಮ್ಮದಿಯಾಗಿರಿ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದ್ದನ್ನು ಪ್ರಕಟಿಸಿದರು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆಜಿ ಇಳಿದರು, ಕೊಬ್ಬು ಕಡಿಮೆ ಮಾಡಿದವರು 5.3. ಗಣನೀಯ ವ್ಯತ್ಯಾಸವಿಲ್ಲ ಎಂದು ಅವರೇ ಬರೆದರು.

ಹಾಲು_ಬಿಟ್ಟವ
ಆ ಅಧ್ಯಯನದಲ್ಲಿ ಬಹುತೇಕ ಯಾರೂ ವರ್ಷಪೂರ್ತಿ 20 ಗ್ರಾಂನಲ್ಲಿ ಇರಲಿಲ್ಲ. ಅದು ಕೀಟೋ ಅಲ್ಲ. ಮುದ್ದೆಯವರು ಮುದ್ದೆಯ ಚರ್ಚೆಗೆ ಹೋಗಿ.

ನಿರ್ವಾಹಕ
ಎಣ್ಣೆ, ಗಾಣ, ರ‍್ಯಾಕ್, ಮುದ್ದೆ ಇವುಗಳಿಗೆ ಬೇರೆ ಚರ್ಚೆ ತೆರೆದಿದ್ದೇನೆ. ಇಲ್ಲಿ ಮಂಡಿಪೇಟೆಯವರ ಸಮಸ್ಯೆ ಮಾತ್ರ.

ಚಳ್ಳಕೆರೆ_ಗಾಣ
ಎಣ್ಣೆಯೇ ಸಮಸ್ಯೆ ಎಂದ ಮೇಲೆ ಎಣ್ಣೆಯ ಮಾತು ಇಲ್ಲೇ ಇರಬೇಕು. ಗಾಣದ ಚಿತ್ರ ಹಾಕಿದ್ದೇನೆ, ನೋಡಿ.

ಮಂಡಿಪೇಟೆ
ಚಿತ್ರ ಚೆನ್ನಾಗಿದೆ. ನನ್ನ ತೂಕ? ಹಾಲು ಬಿಡಿ ಎಂದರು, ವಾರ ಬಿಟ್ಟು ನೋಡಿದೆ, ಏನೂ ಆಗಲಿಲ್ಲ. ಮೇಲಾಗಿ ಸಂಜೆ ನಾಲ್ಕರ ಹೊತ್ತಿಗೆ ಕೈ ನಡುಗಿ ಬೆವರು ಬರುವುದು ಇನ್ನೂ ಹೆಚ್ಚಾಯಿತು. ಮೊದಲೂ ಆಗುತ್ತಿತ್ತು, ಎರಡು ಬಾಳೆಹಣ್ಣು ತಿಂದರೆ ಸರಿಹೋಗುತ್ತದೆ. ಅದು ಔಷಧಿಯಂತೆ, ಹಾಗಾಗಿ ಕಾರ್ಬ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಲು_ಬಿಟ್ಟವ
ಅದು ಕೀಟೋ ಜ್ವರ, ಕಾರ್ಬ್ ಬಿಟ್ಟಾಗ ಬರುವ ಸುಸ್ತು. ಬಾಳೆಹಣ್ಣು ಮುಟ್ಟಬೇಡಿ, ನಡುಕ ಬಂದಾಗ ಒಂದು ಚಮಚ ತುಪ್ಪ ತಿಂದು ಉಪ್ಪುನೀರು ಕುಡಿಯಿರಿ.

ಹಿರಿಯೂರು_ಫಾರ್ಮಸಿ
ತುಪ್ಪ ತಿನ್ನಬೇಡಿ. ದಯವಿಟ್ಟು ಯಾರೂ ಆ ಸಲಹೆ ಪಾಲಿಸಬೇಡಿ.

ಮಂಡಿಪೇಟೆ ಅಣ್ಣ, ದುರ್ಗದವರು ಮೊದಲ ದಿನವೇ ಮಾತ್ರೆ ಇದೆಯೇ ಎಂದು ಕೇಳಿದ್ದರು, ನೀವು ಉತ್ತರಿಸಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?

ಮಂಡಿಪೇಟೆ
ಅದು ಎಲ್ಲರಿಗೂ ಇರುವುದೇ ಅಲ್ಲವೇ ಮೇಡಂ. ಕೆಲವು ವರ್ಷಗಳಿಂದ ಬೆಳಿಗ್ಗೆ ರಾತ್ರಿ ನುಂಗುತ್ತೇನೆ. ಸಕ್ಕರೆ ಈಗ ಚೆನ್ನಾಗಿದೆ, ಆದ್ದರಿಂದ ತೋರಿಸಲು ಹೋಗಿಲ್ಲ. ತೂಕಕ್ಕೂ ಅದಕ್ಕೂ ಏನು ಸಂಬಂಧ? ಹಾಳೆಯ ಮೇಲೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎಂದಿದೆ.

ಹಿರಿಯೂರು_ಫಾರ್ಮಸಿ
ಸಂಬಂಧ ಇದೆ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಅನ್ನ ರೊಟ್ಟಿ ತಿನ್ನುತ್ತಿದ್ದಾಗ ಅಳೆದು ಕೊಟ್ಟ ಪ್ರಮಾಣ ಅದು. ಅನ್ನ ಬಿಟ್ಟಿರಿ, ಮಾತ್ರೆ ಮಾತ್ರ ಹಾಗೇ ಇದೆ. ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ನೀವು ಬಾಳೆಹಣ್ಣು ತಿನ್ನುತ್ತೀರಿ. ಇನ್ಸುಲಿನ್ ಹೆಚ್ಚಿರುವಾಗ ಕೊಬ್ಬು ಕರಗುವುದೂ ನಿಧಾನ, ಈ ಮಾತ್ರೆಯಿಂದ ತೂಕ ಸ್ವಲ್ಪ ಏರುವುದೂ ಉಂಟು. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೀಗೆ ಕುಸಿಯುವುದು ಅಪರೂಪ.

ನಡುಕ ಬಂದಾಗ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಹತ್ತಿರ ಇಲ್ಲದಿದ್ದರೆ ಕಾಯದೆ ಕುಡಿಯಿರಿ. ತುಪ್ಪದಿಂದ ಸಕ್ಕರೆ ಬೇಗ ಏರುವುದಿಲ್ಲ. ಆ ಸಮಯದಲ್ಲಿ ಬೈಕ್ ಓಡಿಸಬೇಡಿ.

ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಂದೇ ವೈದ್ಯರಿಗೆ ಫೋನ್ ಮಾಡಿ, ಅನ್ನ ಬಿಟ್ಟಿದ್ದೇನೆ ಎಂದು ಹೇಳಿ. ಪ್ರಮಾಣ ಇಳಿಸುವುದು ಅವರ ಕೆಲಸ. ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳಿ. ಕಾರ್ಬ್ ಇಳಿದಾಗ ಮೂತ್ರಪಿಂಡ ಉಪ್ಪು ನೀರು ಹೆಚ್ಚು ಹೊರಹಾಕುತ್ತದೆ, ಬಿಪಿಯೂ ಇಳಿಯಬಹುದು.

ಓದುತ್ತಿರುವ ಉಳಿದವರಿಗೂ ಒಂದು ಮಾತು. ನಿಮ್ಮ ಮಾತ್ರೆಯ ಹೆಸರು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬಂತಿದ್ದರೆ ವೈದ್ಯರನ್ನು ಕೇಳದೆ ಕೀಟೋಗೆ ಇಳಿಯಲೇಬೇಡಿ. ಮೀಟರ್‌ನಲ್ಲಿ ಸಕ್ಕರೆ ಹೆಚ್ಚು ಕಾಣದೆಯೂ ರಕ್ತ ಆಮ್ಲವಾಗುವ ಅಪಾಯವಿದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆಗೆ.

ಹಾಲು_ಬಿಟ್ಟವ
ಮಾತ್ರೆಯ ವಿಷಯ ಮೊದಲೇ ಹೇಳಬೇಕಿತ್ತು ಅವರು. ಆದರೂ ಹಾಲಿನಿಂದ ಇನ್ಸುಲಿನ್ ಏರುತ್ತದೆ ಎನ್ನುವುದು ಸುಳ್ಳಲ್ಲ.

ತಕ್ಕಡಿ
ಸುಳ್ಳು ಎಂದು ಯಾರೂ ಹೇಳಲಿಲ್ಲ. ಇಲ್ಲಿ ಅದು ಲೆಕ್ಕಕ್ಕಿಲ್ಲ.

ಏಳುಸುತ್ತು_ದುರ್ಗ
ಮಂಡಿಪೇಟೆ ಸರ್, ವೈದ್ಯರ ಬಳಿ ಹೋಗಿದ್ದಿರಾ? ಎರಡು ದಿನದಿಂದ ಸದ್ದಿಲ್ಲ.

ಮಂಡಿಪೇಟೆ
ಹೋಗಿದ್ದೆ. ಗ್ಲಿಮೆಪಿರೈಡ್ ತೆಗೆದರು, ಇನ್ನೊಂದನ್ನು ಉಳಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್ ಪರೀಕ್ಷೆಗೆ ಬರೆದರು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಮೇಲೆ ಹೋಗಿದೆ, ಬೆಣ್ಣೆ ಕಡಿಮೆ ಮಾಡಿ ಎಂದರು. ನಾಲ್ಕು ಗಂಟೆಯ ನಡುಕ ಸದ್ಯಕ್ಕೆ ಬಂದಿಲ್ಲ. ಬಾಳೆಹಣ್ಣಿನ ಅಗತ್ಯವೂ ಬೀಳಲಿಲ್ಲ. ತೂಕ 82.7. ಕಾಟಾ 50 ಗ್ರಾಂಗೆ ಒಂದು ಹೆಜ್ಜೆಯದು, ಈಗಲೂ ಹೇಳುತ್ತೇನೆ, ಅದರಲ್ಲಿ ದೋಷವಿಲ್ಲ. ಶೇಂಗಾವನ್ನು ಗಿರಾಕಿಗಳ ಕಡೆಗೆ ಸರಿಸಿಟ್ಟಿದ್ದೇನೆ.

ಬೆಣ್ಣೆ ಕಾಫಿಯ ಬದಲು ಏನು ಕುಡಿಯಬಹುದು? ಮಜ್ಜಿಗೆ ನಡೆಯುತ್ತದೆಯೇ?

ಹಾಲು_ಬಿಟ್ಟವ
ಮಜ್ಜಿಗೆ ಬೇಡ.

ತಕ್ಕಡಿ
ನೀರು ಮಜ್ಜಿಗೆ ಒಂದು ಲೋಟ ಧಾರಾಳವಾಗಿ ಕುಡಿಯಿರಿ. ಬರೆದಿಟ್ಟುಕೊಳ್ಳಿ ಅಷ್ಟೆ.

ದಾವಣಗೆರೆ_ಜಿಮ್
ತೆಂಗಿನವರೇ, ರ‍್ಯಾಕಿನ ಅಳತೆಯನ್ನು ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ.

ಚಳ್ಳಕೆರೆ_ಗಾಣ
ಶನಿವಾರ ಹೊಸ ಶೇಂಗಾ ಗಾಣಕ್ಕೆ ಹಾಕುತ್ತೇವೆ. ಬರುವವರು ಸ್ವಂತ ಡಬ್ಬ ತನ್ನಿ, ಹಿಂಡಿ ಬೇಕಾದವರು ಮೊದಲೇ ತಿಳಿಸಿ.