‘ಹೈಡ್’ಗೆ ಕನ್ನಡದಲ್ಲಿ ಏನು? ಶನಿವಾರದೊಳಗೆ ಬೇಕು

ಬ್ರಹ್ಮಾವರದಿಂದ:

ಎರಡು ಪದ ಬೇಕು, ಸ್ವಲ್ಪ ಬೇಗ. ಬೋರ್ಡ್ ಬರೆಯುವವರು ಶನಿವಾರ ಬರುತ್ತಾರೆ.

ನಮ್ಮದು ಪೇಟೆಯಿಂದ ಒಳಗೆ, ಅಡಿಕೆ ತೋಟ. ಕೆರೆ ಬದಿಯಲ್ಲಿ ತೆಂಗಿನ ಮಡಲು ಹೆಣೆದು ಒಂದು ತಟ್ಟಿ ಕಟ್ಟಿದ್ದೇನೆ. ಹಿಂದೆ ಸ್ಟೂಲ್ ಹಾಕಿ ಕೂತರೆ ಹಕ್ಕಿಗಳಿಗೆ ನಾವು ಕಾಣುವುದಿಲ್ಲ. ಕಿಂಡಿಯಲ್ಲಿ ಕ್ಯಾಮೆರಾ ಇಟ್ಟರೆ ಆಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಹೈಡ್ ಅನ್ನುತ್ತಾರೆ. ‘ಅಡಗುತಾಣ’ ಅಂತ ಬರೆಸುವವನಿದ್ದೆ. ಮಗಳು ನಕ್ಕಳು, ‘ಪೊಲೀಸರು ಬರ್ತಾರೆ ಅಪ್ಪ’ ಅಂದಳು. ಪೇಪರಿನಲ್ಲಿ ಅಡಗುತಾಣ ಇರುವುದು ಕಳ್ಳರಿಗೆ ಮಾತ್ರ ಅಲ್ವಾ?

ಎರಡನೆಯದು ವೈಲ್ಡ್‌ಫ್ಲವರ್. ಕೆರೆಯಿಂದ ಗೇಟಿನ ತನಕ ಒಂದು ಪಟ್ಟಿ ಜಾಗ ಹುಲ್ಲು ಕೊಚ್ಚದೆ ಬಿಟ್ಟಿದ್ದೇನೆ. ತುಂಬೆ, ಮುಟ್ಟಿದರೆ ಮುನಿ, ಕೇಪುಳ ಇವೆ. ಬೇಲಿಗೆ ಅಗ್ನಿಶಿಖೆ ಹಬ್ಬಿದೆ. ಹೋದ ವರ್ಷ ರಟ್ಟಿನ ಮೇಲೆ ‘ವನ್ಯಪುಷ್ಪ ವಲಯ’ ಅಂತ ಬರೆದು ಅಲ್ಲಿ ಸಿಕ್ಕಿಸಿದ್ದೆ. ಹುಲ್ಲು ಕೊಚ್ಚುವ ಮೆಷಿನಿನವನು ಅದನ್ನು ಓದಿದ. ಜೋಪಾನವಾಗಿ ಕಿತ್ತು ಬದಿಗಿಟ್ಟ. ಇಡೀ ಪಟ್ಟಿ ನುಣ್ಣಗೆ ಸವರಿದ. ಮತ್ತೆ ರಟ್ಟನ್ನು ಅಲ್ಲೇ ನೆಟ್ಟು ಹೋದ. ಕೇಳಿದರೆ, ‘ಹೂವಿನ ಗಿಡ ನೆಡ್ತೀರಿ ಅಂತ ಕ್ಲೀನ್ ಮಾಡಿದೆ’ ಅಂದ. ಸಿಟ್ಟು ಮಾಡುವ ಹಾಗೂ ಇಲ್ಲ.

ಮಂಗಳೂರಿನಿಂದ:

ಪಕ್ಷಿವೀಕ್ಷಣಾ ಕುಟೀರ. ವನಸುಮ. ಇದಕ್ಕೆ ಚರ್ಚೆ ಯಾಕೆ?

ಕಾರ್ಕಳದಿಂದ:

ವನಸುಮ ಅಂತ ಬರೆದರೆ ಮೆಷಿನಿನವನು ಅದು ಮನೆಯ ಹೆಸರು ಅಂದುಕೊಳ್ಳುತ್ತಾನೆ.

ಪದ ನಿಮ್ಮ ಹಿತ್ತಿಲಿನಲ್ಲೇ ಇದೆ: ಕಾಟು. ಕಾಟು ಮಾವು ಅನ್ನುವುದಿಲ್ವಾ? ಯಾರೂ ನೆಡದೆ, ನೀರು ಹಾಕದೆ ತಾನಾಗಿ ಬಂದದ್ದು. ಕಾಟು ಮಾವು ಹಾಗಿದ್ದರೆ ಕಾಟು ಹೂ ಯಾಕಾಗಬಾರದು? ನಾಡು ಹೋಗಿ ನಾಟಿ ಕೋಳಿ ಆದ ಹಾಗೆ ಕಾಡು ಹೋಗಿ ಕಾಟು. ಕಾಡುಕೋಣಕ್ಕೆ ನಾವು ಕಾಟಿ ಅನ್ನುವುದೂ ಇದೇ ದಾರಿಯಲ್ಲಿ. ‘ಕಾಡುಹೂ’ ಅಂದರೆ ಜನ ಆಗುಂಬೆಗೆ ಹೋಗಿ ಹುಡುಕುತ್ತಾರೆ. ನಿಮ್ಮ ಗೇಟಿನ ಹತ್ತಿರ ಕಾಡು ಎಲ್ಲಿದೆ?

ಸುರತ್ಕಲ್ಲಿನಿಂದ:

ಕಾಟು ತುಳು. ನಮ್ಮದು ಕನ್ನಡದ ಪತ್ರ ಬಳಗ.

ಕಾರ್ಕಳದಿಂದ:

ಹಾಗಾದರೆ ಕಾಟು ಮಾವಿನ ಗೊಜ್ಜನ್ನು ಯಾವ ಭಾಷೆಯಲ್ಲಿ ಉಣ್ಣುತ್ತೀರಿ?

ತೀರ್ಥಹಳ್ಳಿ ಕಡೆಯವನು:

ಹೂವಿನ ವಿಷಯ ನೀವು ಜಗಳ ಮಾಡಿಕೊಳ್ಳಿ. ಹೈಡ್‌ಗೆ ಮಾತ್ರ ನಮ್ಮಲ್ಲಿ ಹಳೆಯ ಪದ ಇದೆ, ಮರಸು. ಅಜ್ಜನ ಕಾಲದವರು ಹಣ್ಣು ಬಿದ್ದ ಮರದ ಹತ್ತಿರ ರಾತ್ರಿ ‘ಮರಸು ಕೂರುತ್ತಿದ್ದರು’. ಪ್ರಾಣಿಗೆ ಕಾಣದ ಹಾಗೆ ಸೊಪ್ಪು ಕಟ್ಟಿಕೊಂಡು, ಕೆಮ್ಮು ಬಂದರೂ ನುಂಗಿಕೊಂಡು ಕಾಯುವುದು. ನೀವು ಮಡಲಿನ ಹಿಂದೆ ಮಾಡುತ್ತಿರುವುದು ಅದನ್ನೇ. ಕೈಯಲ್ಲಿ ಕೋವಿ ಇಲ್ಲ, ಅಷ್ಟೇ.

ಮಂಗಳೂರಿನಿಂದ:

ಮರಸು ಎಂದರೆ ಮರದ ಮೇಲೆ ಅಟ್ಟ ಕಟ್ಟಿ ಕೂರುವುದು. ಮರದಿಂದ ಮರಸು. ಇವರದು ನೆಲದ ಮೇಲಿದೆ. ತಪ್ಪು ಪ್ರಯೋಗ. ಮೇಲಾಗಿ ಬೇಟೆಗಾರರ ಮಾತು. ಹಕ್ಕಿ ನೋಡುವವರು ಅದನ್ನು ಬಳಸುವುದು ಅಸಹ್ಯ.

ಉಡುಪಿಯಿಂದ:

ಮರದಿಂದ ಅಲ್ಲ. ಇದನ್ನು ಎಷ್ಟು ಸಲ ಬರೆಯಬೇಕೋ.

ಮರಸು ಬಂದಿರುವುದು ‘ಮರೆ’ಯಿಂದ. ಈಗ ಎರಡೂ ಒಂದೇ ರ ಆಗಿ ಕಾಣುತ್ತವೆ, ಹಳಗನ್ನಡದಲ್ಲಿ ಹಾಗಿರಲಿಲ್ಲ. ಮರ ಸಾದಾ ರ. ಮಱೆ, ಮಱಸು ಬರೆಯುತ್ತಿದ್ದದ್ದು ಱ ಎಂಬ ಇನ್ನೊಂದು ರದಲ್ಲಿ, ಅದಕ್ಕೆ ಶಕಟರೇಫ ಅನ್ನುತ್ತಾರೆ. ಕಿಟೆಲ್ ಕೋಶ ಈ ಱ ಬಿಡದೆ ತೋರಿಸುತ್ತದೆ. 1894ರಲ್ಲಿ ನಿಮ್ಮ ಊರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದದ್ದು, ಒಮ್ಮೆ ತೆರೆದು ನೋಡಬಹುದಿತ್ತು. ತಮಿಳು, ಮಲಯಾಳದಲ್ಲಿ ಈ ಎರಡು ಅಕ್ಷರ ಇವತ್ತಿಗೂ ಬೇರೆ ಬೇರೆ. ಕಾಸರಗೋಡಿನಲ್ಲಿ ಮಲಯಾಳ ಆಡುವವರನ್ನು ಕೇಳಿ. ಮರಂ ಅಂದರೆ ಮರ, ಮಱ ಅಂದರೆ ಪರದೆ. ನಾಲಿಗೆಯೇ ಬೇರೆ ಹೊರಳುತ್ತದೆ.

ಅಷ್ಟು ದೂರ ಬೇಡ ಅಂದರೆ ತುಳು ಸಾಕು. ಕನ್ನಡದ ಹಳೆಯ ಱ ತುಳುವಿನಲ್ಲಿ ಹಲವು ಕಡೆ ದ ಅಥವಾ ಜ ಆಗಿದೆ. ನೂರು ಹೋಗಿ ನೂದು, ಆರು ಹೋಗಿ ಆಜಿ. ಈಗ ನಮ್ಮ ಪದ ನೋಡಿ. ಮರಕ್ಕೆ ತುಳುವಿನಲ್ಲೂ ಮರ. ಆದರೆ ಮರೆತು ಹೋಯಿತು ಅನ್ನುವುದಕ್ಕೆ ‘ಮದತ್ ಪೋಂಡು’. ಮರೆವು, ಮರೆ ಎರಡಕ್ಕೂ ಅದೇ ಱ. ಸುರತ್ಕಲ್ಲಿನವರು ಬೇಡ ಅಂದ ತುಳುವೇ ಇಲ್ಲಿ ಸಾಕ್ಷಿ ಹೇಳುತ್ತಿದೆ.

ಮರಸು ನೆಲದ ಮೇಲೂ ಇರಬಹುದು, ಕೆರೆ ಬದಿಯಲ್ಲೂ ಇರಬಹುದು. ಮರೆ ಇದ್ದರೆ ಸಾಕು.

ಬ್ರಹ್ಮಾವರದಿಂದ:

ಜಗಳದ ನಡುವೆ ಒಂದು ಸುದ್ದಿ. ಇವತ್ತು ಬೆಳಿಗ್ಗೆ ತಟ್ಟಿಯ ಹಿಂದೆ ಕೂತಿದ್ದೆ. ಎದುರಿನ ಅಡಿಕೆ ಮರದ ಸಿಪ್ಪೆಯ ಒಂದು ಚೂರು ಅಲುಗಿದ ಹಾಗಾಯಿತು. ನೋಡಿದರೆ ಹಾರುವ ಓತಿ. ಮರದ ಬೂದು ಬಣ್ಣವೇ ಅದರದ್ದೂ. ಗಂಟಲಿನ ಕೆಳಗೆ ಹಳದಿ ನಾಲಿಗೆಯಂಥದ್ದು ಚಕ್ಕನೆ ಹೊರಗೆ ಬಂತು, ಒಳಗೆ ಹೋಯಿತು. ಗಂಡು. ಸಾಲಾಗಿ ಏರುತ್ತಿದ್ದ ಇರುವೆಗಳನ್ನು ಒಂದೊಂದೇ ನೆಕ್ಕಿಕೊಳ್ಳುತ್ತಾ ಮೇಲೆ ಹೋಯಿತು. ನಾನು ಫೋಕಸ್ ಸರಿಮಾಡುತ್ತಲೇ ಇದ್ದೆ. ಪಕ್ಕೆಯ ಚರ್ಮ ಬಿಚ್ಚಿ ಒಂಬತ್ತು ಅಡಿ ಆಚೆಯ ಮರಕ್ಕೆ ತೇಲಿಯೇ ಬಿಟ್ಟಿತು. ಫೋಟೋದಲ್ಲಿ ಬಂದದ್ದು ಬರೀ ಬಾಲ.

ಮರಸು ನನಗೆ ಇಷ್ಟವಾಯಿತು. ಆದರೆ ಬೇಟೆ ಮಾತು ಅನ್ನುವುದು?

ತೀರ್ಥಹಳ್ಳಿ ಕಡೆಯವನು:

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಪದಕ್ಕೆ ಕೆಲಸವೇ ಇಲ್ಲ. ಸುಮ್ನೆ ಕೂತಿದೆ. ನೀವು ಕೆಲಸ ಕೊಡಿ. ಫೋಟೋದವರು ದಿನಾ ಬೆಳಗಾದರೆ ‘ಶೂಟ್’ ಅನ್ನುತ್ತಾರಲ್ಲ, ಅದು ಯಾರಿಗೂ ಅಸಹ್ಯ ಆಗುವುದಿಲ್ಲ.

ಸುರತ್ಕಲ್ಲಿನಿಂದ:

ಫೋಟೋ, ಫೋಕಸ್, ಬೋರ್ಡ್, ಮೆಷಿನ್. ಮೂಲ ಪತ್ರದಲ್ಲೇ ಅರ್ಧ ಇಂಗ್ಲಿಷ್. ಮೊದಲು ಅದನ್ನು ತೆಗೆಯಿರಿ, ಆಮೇಲೆ ಹೂವಿಗೆ ಹೆಸರು ಹುಡುಕಿ. ಹೂಗಳೂ ನಮ್ಮವೇ ಆಗಿರಲಿ. ಮುಟ್ಟಿದರೆ ಮುನಿ ಅಮೆರಿಕದಿಂದ ಬಂದ ಕಳೆ. ಅದನ್ನು ಯಾಕೆ ಸಾಕುತ್ತೀರಿ?

ಕಾರ್ಕಳದಿಂದ:

ಗಿಡ ಅಮೆರಿಕದ್ದು, ಹೆಸರು? ಮುಟ್ಟಿದರೆ ಮುನಿ. ಇದಕ್ಕಿಂತ ಅಚ್ಚ ಕನ್ನಡ ಯಾವುದು ಬೇಕು ಸ್ವಾಮಿ? ಗೇರು ಬ್ರೆಜಿಲಿನಿಂದ ಪೋರ್ಚುಗೀಸರ ಜೊತೆ ಬಂತು, ಅದಕ್ಕೂ ಇಲ್ಲಿಯ ಹೆಸರೇ ಅಂಟಿಕೊಂಡಿತು. ಪೇರಳೆ, ಅನಾನಸು ಹೆಸರು ಸಮೇತ ಬಂದವು. ಅದೂ ಆಯಿತು. ಮಳೆ ಮುಗಿದ ಮೇಲೆ ಗುಡ್ಡೆ ತುಂಬ ಕಮ್ಯುನಿಸ್ಟ್ ಗಿಡ ಹೂ ಬಿಡುತ್ತದೆ, ಅದಕ್ಕೆ ನೀಲಿ ಪಟ್ಟೆಯ ಚಿಟ್ಟೆಗಳು ಮುತ್ತಿಕೊಳ್ಳುತ್ತವೆ. ಆ ಗಿಡವೂ ಅಮೆರಿಕದ್ದು, ಹೆಸರೂ ಹೊರಗಿನದು, ಚಿಟ್ಟೆ ಮಾತ್ರ ನಮ್ಮದು. ಏನು ಮಾಡುತ್ತೀರಿ, ಚಿಟ್ಟೆಗೆ ಬಹಿಷ್ಕಾರ ಹಾಕುತ್ತೀರಾ?

(ಚಿಟ್ಟೆ ಅಂದಾಗ ನೆನಪಾಯಿತು. ನಮ್ಮ ಕಡೆ ಜಗಲಿಯ ಕಟ್ಟೆಗೂ ಚಿಟ್ಟೆ ಅನ್ನುತ್ತೇವೆ. ಎರಡರ ಸಂಬಂಧದ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.)

ಉಡುಪಿಯಿಂದ:

ದಯವಿಟ್ಟು ಬರೆಯಬೇಡಿ.

ಮಂಗಳೂರಿನಿಂದ:

ಶಕಟರೇಫದ ಮಾತು ಒಪ್ಪಿದೆ. ಆದರೂ ಕುಟೀರ ಎಂಬುದೇ ಗೌರವದ ಪದ.

ಬ್ರಹ್ಮಾವರದಿಂದ:

ಎಲ್ಲರಿಗೂ ಥ್ಯಾಂಕ್ಸ್. (ಸುರತ್ಕಲ್ಲಿನವರು ಕ್ಷಮಿಸಬೇಕು.)

ಹೂವಿನ ಪಟ್ಟಿಗೆ ಕೊನೆಗೆ ಹೆಸರೇ ಹಾಕಲಿಲ್ಲ. ಮೆಷಿನಿನವನನ್ನೇ ಕರೆದು, ‘ಏನು ಬರೆದರೆ ನೀನು ಕೊಚ್ಚುವುದಿಲ್ಲ?’ ಅಂತ ಕೇಳಿದೆ. ‘ಕೊಚ್ಚಬೇಡ ಅಂತ ಬರೀರಿ’ ಅಂದ. ಹಾಗೆಯೇ ಬರೆಸಿದೆ: ‘ಇಲ್ಲಿ ಕೊಚ್ಚಬೇಡಿ. ಹೂ ಇದೆ.’ ಕಾಟು ಹೂ ಅನ್ನುವುದನ್ನು ಫೋಟೋಗಳ ಕೆಳಗೆ ಹಾಕಿಕೊಳ್ಳುತ್ತೇನೆ.

ತಟ್ಟಿಗೆ ‘ಮರಸು’ ಅಂತ ಚೀಟಿಯಲ್ಲಿ ಬರೆದುಕೊಟ್ಟು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಹಸಿರು ಬೋರ್ಡಿನ ಮೇಲೆ ಚಂದದ ಅಕ್ಷರದಲ್ಲಿ ‘ಮನಸು’ ಅಂತ ಇದೆ. ‘ನೀವು ಅವಸರದಲ್ಲಿ ತಪ್ಪು ಬರೆದಿದ್ದಿರಿ, ನಾನೇ ಸರಿಮಾಡಿದೆ’ ಅಂದರು. ಶಕಟರೇಫದ ಕಥೆ ಹೇಳಲು ಹೊರಟೆ. ಅವರು ಬ್ರಶ್ ತೊಳೆಯಲು ಕೆರೆಗೆ ಇಳಿದಾಗಿತ್ತು. ಮುಂದಿನ ಶನಿವಾರ ಮತ್ತೆ ಬರುತ್ತಾರಂತೆ.