ಮಕ್ಕಳ ಸಂಧಿವಾತ: ಯಾರ ಕಣ್ಣು ಮೂರು ತಿಂಗಳಿಗೊಮ್ಮೆ ನೋಡಬೇಕು, ಯಾರಿಗೆ ಆರು ತಿಂಗಳು ನಡೀತದ?

ಸ್ಲಿಟ್‌ಲ್ಯಾಂಪ್_ಹಾವೇರಿ

ನಮಸ್ಕಾರ್ರೀ ಎಲ್ಲಾರಿಗೂ. ಜೆಐಎ, ಅಂದ್ರ ಮಕ್ಕಳ ಸಂಧಿವಾತ, ಇರೋ ಹುಡುಗರನ್ನ ಹಳ್ಳಿಗಳಿಂದ ಕಣ್ಣು ನೋಡಸಾಕ ಕಳಸ್ತಾರ. ಚೀಟಿಯೊಳಗ ‘ಕಣ್ಣಿನ ತಪಾಸಣೆ’ ಅಂತ ಅಷ್ಟ ಇರತೈತಿ, ಮತ್ತ ಯಾವಾಗ ಅಂತ ಬರದಿರಂಗಿಲ್ಲ. ಮೂರು ನಮೂನಿ ಹೇಳ್ತೀನಿ.

ಒಂದು, 4 ವರ್ಷದ ಹುಡುಗಿ, ಒಂದ ಮೊಣಕಾಲು ಬಾವು, ಶುರುವಾಗಿ 5 ತಿಂಗಳು, ಎಎನ್‌ಎ (ಮೈಯ ಸ್ವಂತ ಜೀವಕೋಶದ ವಿರುದ್ಧ ಇರೋ ಪ್ರತಿಕಾಯದ ರಕ್ತ ಪರೀಕ್ಷೆ) ಪಾಸಿಟಿವ್. ಎರಡು, 9 ವರ್ಷದ ಹುಡುಗಿ, 6ನೇ ವಯಸ್ಸಿಗೆ ಎರಡು ಕೀಲಿನಾಗ ಶುರು, ಎಎನ್‌ಎ ಪಾಸಿಟಿವ್, ಈಗ ಕೀಲು ಪೂರಾ ಆರಾಮ. ಮೂರು, 12 ವರ್ಷದ ಹುಡುಗ, ಹಿಮ್ಮಡ ಮತ್ತ ಸೊಂಟ ನೋವು, ಎಚ್‌ಎಲ್‌ಎ-ಬಿ27 ಅನ್ನೋ ವಂಶವಾಹಿ ಗುರುತು ಪಾಸಿಟಿವ್.

ಯಾರನ್ನ ಎಷ್ಟು ತಿಂಗಳಿಗೆ ಕರೀಬೇಕು? ಪಾಪೆ ಹಿಗ್ಗಿಸೋ ಹನಿ ಮೊದಲ ಹಾಕೋದೋ, ಆಮ್ಯಾಲೆ ಹಾಕೋದೋ? ಇನ್ನೊಂದು, ‘ಕಣ್ಣು ಕೆಂಪಾಗಿಲ್ಲ, ನೀರು ಬರಂಗಿಲ್ಲ, ಯಾಕ ಬರಬೇಕ್ರಿ?’ ಅನ್ನೋ ಪಾಲಕರಿಗೆ ಏನ್ ಹೇಳೋದು?

ಮಕ್ಕಳ_ಕೀಲು_ಹುಬ್ಬಳ್ಳಿ

ಮೊದಲು ಒಂದು ಮಾತು. ಕೀಲು ಎಷ್ಟು ಕೆಟ್ಟಿದೆ ಅನ್ನೋದರಿಂದ ಕಣ್ಣಿನ ಅಪಾಯ ಅಳೆಯೋಕೆ ಬರೋದಿಲ್ಲ. ಹತ್ತು ಕೀಲು ಊದಿ, ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್ ರಕ್ತ ಪರೀಕ್ಷೆ) ಪಾಸಿಟಿವ್ ಇರುವ ಹುಡುಗಿಗೆ ಯುವೈಟಿಸ್, ಅಂದರೆ ಕಣ್ಣೊಳಗಿನ ಉರಿಯೂತ, ಬರೋದು ಅಪರೂಪ. ಜ್ವರ, ಮೈಮೇಲೆ ದದ್ದು ಇರುವ ಸಿಸ್ಟಮಿಕ್ ಬಗೆಯಲ್ಲೂ ಹಾಗೇ. ಒಂದೇ ಮೊಣಕಾಲು ಬಾತು, ಬೆಳಿಗ್ಗೆ ಸ್ವಲ್ಪ ಕುಂಟಿ, ಮಧ್ಯಾಹ್ನಕ್ಕೆ ಓಣಿಯಲ್ಲಿ ಓಡಾಡುವ ಮೂರು ವರ್ಷದ ಕೂಸಿಗೇ ಅಪಾಯ ಹೆಚ್ಚು. ಮನೆಯವರಿಗೆ ಅದು ರೋಗ ಅಂತಲೂ ಅನ್ನಿಸಿರೋದಿಲ್ಲ.

ಲೆಕ್ಕಕ್ಕೆ ಬರೋದು ನಾಲ್ಕು. ರೋಗದ ಬಗೆ: ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಕಡಿಮೆ ಕೀಲು ಹಿಡಿಯುವ ಆಲಿಗೋ, ಆರ್‌ಎಫ್ ನೆಗೆಟಿವ್ ಇದ್ದು ಐದು ಅಥವಾ ಹೆಚ್ಚು ಕೀಲು ಹಿಡಿಯುವ ಪಾಲಿ, ಸೋರಿಯಾಸಿಸ್ ಚರ್ಮರೋಗಕ್ಕೆ ಸಂಬಂಧಿಸಿದ ಸೋರಿಯಾಟಿಕ್, ಯಾವ ಗುಂಪಿಗೂ ಕೂಡದೆ ಉಳಿದದ್ದು. ಎಎನ್‌ಎ ಪಾಸಿಟಿವ್. ರೋಗ ಶುರುವಾದಾಗ 7 ವರ್ಷದ ಒಳಗಿದ್ದದ್ದು. ಶುರುವಾಗಿ 4 ವರ್ಷ ದಾಟದೇ ಇರೋದು. ಈ ನಾಲ್ಕೂ ಕೂಡಿದರೆ ಮೂರು ತಿಂಗಳಿಗೊಮ್ಮೆ, ಉಳಿದವರಿಗೆ 6ರಿಂದ 12 ತಿಂಗಳಿಗೊಮ್ಮೆ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿ ಹೇಳೋದೂ ಇದನ್ನೇ.

ಎಡವೋದು ವಯಸ್ಸಿನಲ್ಲಿ. ಬೇಕಾದದ್ದು ಶುರುವಾದಾಗಿನ ವಯಸ್ಸು. ರಿಜಿಸ್ಟರಿನಲ್ಲಿ ಇರೋದು ಈಗಿನ ವಯಸ್ಸು. ನಿಮ್ಮ ಎರಡನೇ ಹುಡುಗಿಗೆ 9 ಅಂತ ನೋಡಿ ‘ದೊಡ್ಡವಳು, ವರ್ಷಕ್ಕೊಮ್ಮೆ ಸಾಕು’ ಅಂದರೆ ತಪ್ಪಾಯಿತು. ಅವಳಿಗೆ ಶುರುವಾಗಿದ್ದು 6ಕ್ಕೆ, ಆಗಿರೋದು ಮೂರೇ ವರ್ಷ. ಇನ್ನೊಂದು ವರ್ಷವಾದರೂ ಮೂರು ತಿಂಗಳಿಗೊಮ್ಮೆ ಬರಬೇಕು. ಕೀಲು ಆರಾಮಿದೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಕೀಲು ಶಾಂತವಾಗಿದ್ದಾಗಲೂ ಕಣ್ಣೊಳಗೆ ಉರಿಯೂತ ನಡೀತಿರಬಹುದು. ಮೊದಲನೇ ಹುಡುಗಿಗೆ ಮೂರು ತಿಂಗಳು ಅನ್ನೋದರಲ್ಲಿ ಎರಡು ಮಾತಿಲ್ಲ.

ಹುಡುಗನ ಕಥೆ ಬೇರೆ. ಅದು ಎಂಥೆಸೈಟಿಸ್ (ಸ್ನಾಯುರಜ್ಜು ಎಲುಬಿಗೆ ಕೂಡುವ ಜಾಗದ ಉರಿಯೂತ) ಬಗೆ, ನಮ್ಮ ದೇಶದ ಮಕ್ಕಳಲ್ಲಿ ಬಹಳ ಕಾಣೋದೇ ಅದು. ಅವರಿಗೆ ಬರುವ ಯುವೈಟಿಸ್ ಸದ್ದಿಲ್ಲದೆ ಬರೋದಿಲ್ಲ. ಸಾಮಾನ್ಯವಾಗಿ ಒಂದು ಕಣ್ಣು ಒಮ್ಮೆಲೇ ಕೆಂಪಾಗಿ, ನೋವಾಗಿ, ಬೆಳಕು ನೋಡಲಿಕ್ಕಾಗದ ಹಾಗೆ ಬರುತ್ತದೆ. 6ರಿಂದ 12 ತಿಂಗಳಿಗೊಮ್ಮೆ ನೋಡಿ. ಅದಕ್ಕಿಂತ ಮುಖ್ಯ, ‘ಕಣ್ಣು ಕೆಂಪಾದರೆ ಅಂದೇ ಬಾ’ ಅಂತ ಹುಡುಗನಿಗೇ ಹೇಳಿ. ಮದ್ರಾಸ್ ಐ ಅಂತ ಮೆಡಿಕಲ್ ಅಂಗಡಿಯ ಆಂಟಿಬಯೋಟಿಕ್ ಹನಿ ಹಾಕಿಕೊಂಡು ವಾರ ಕಳೆದರೆ ಪಾಪೆ ಮಸೂರಕ್ಕೆ ಅಂಟಿರುತ್ತದೆ.

ಎಎನ್‌ಎ ಬಗ್ಗೆ ಒಂದು ಮಾತು. ಎಲೈಸಾ ಅನ್ನೋ ಪದ್ಧತಿಯಲ್ಲಿ ಮಾಡಿ ನೆಗೆಟಿವ್ ಅಂತ ಕೊಟ್ಟ ರಿಪೋರ್ಟ್ ಈ ಕೆಲಸಕ್ಕೆ ಸಾಲದು. ಇಮ್ಯುನೋಫ್ಲೋರಸೆನ್ಸ್ ಪದ್ಧತಿಯಲ್ಲಿ ಮಾಡಿಸಿ, ಟೈಟರ್ (ಪ್ರತಿಕಾಯ ಎಷ್ಟಿದೆ ಅನ್ನೋ ಅಳತೆ) ಬರೆಸಿಕೊಳ್ಳಿ. ಎಎನ್‌ಎ ನೆಗೆಟಿವ್ ಇದ್ದರೂ ಚಿಕ್ಕ ಕೂಸಿನ ತಪಾಸಣೆ ಬಿಡೋ ಹಾಗಿಲ್ಲ, ಅಂತರ ಹಿಗ್ಗುತ್ತದೆ ಅಷ್ಟೇ.

ಹುಡುಗಿಯರಿಗೆ ಹೆಚ್ಚು ಅಂತಾರೆ, ನಿಜ. ಆದರೆ ಹುಡುಗರಿಗೆ ಬಂದಾಗ ಹದಗೆಡೋದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಹುಡುಗ ಅಂತ ಯಾರನ್ನೂ ಸಡಿಲ ಬಿಡಬೇಡಿ.

ಯುವಿಯಾ_ಧಾರವಾಡ

ಮ್ಯಾಲೆ ಹೇಳಿದ್ದು ಸರಿ ಐತಿ. ನಾ ಸ್ಲಿಟ್ ಲ್ಯಾಂಪಿನ, ಅಂದ್ರ ಕಣ್ಣೊಳಗ ನೋಡೋ ಸೂಕ್ಷ್ಮದರ್ಶಕದ, ಕಡೆ ಬರ್ತೀನ್ರಿ.

ಹಿಗ್ಗಿಸೋ ಹನಿ ಆಮ್ಯಾಲೆ. ಮೊದಲ ಹಾಕಿದ್ರ ಪಾಪೆಯಿಂದ ಬಣ್ಣದ ಕಣ ಉದುರಿ ಸೆಲ್ (ಉರಿಯೂತದ ಕಣ) ಅಂತ ಎಣಿಸಿಬಿಡ್ತೀರಿ. ಫ್ಲೋರಸೀನ್ ಅನ್ನೋ ಬಣ್ಣದ ಹನಿನೂ ಮೊದಲ ಬ್ಯಾಡ, ಅದು ಒಳಗ ಇಳಿದು ಫ್ಲೇರ್ (ಕಣ್ಣೊಳಗಿನ ನೀರು ಮಂಜಾಗೂದು) ಇದ್ದಂಗ ಕಾಣಸ್ತದ. ಕೋಣಿ ಕತ್ತಲ ಮಾಡ್ರಿ, ಬೆಳಕು ಪೂರ್ತಿ ಏರಸ್ರಿ, ಕಿರಣ 1 ಮಿಮೀ ಅಗಲ 1 ಮಿಮೀ ಎತ್ತರಕ್ಕ ಇಳಸ್ರಿ, ಓರೆಯಾಗಿ ಬಿಟ್ಟು ಪಾಪೆಯ ಕಪ್ಪಿನ ಮುಂದ ನಿಲ್ಲಸ್ರಿ. ಸೂರಿನ ಕಿಂಡ್ಯಾಗಿಂದ ಬಿಸಿಲು ಬಿದ್ದಾಗ ಧೂಳು ತೇಲೂದು ಕಾಣತದಲ್ರಿ, ಹಂಗ ಕಾಣೂದ ಸೆಲ್. ಎಣಿಕಿ ಹಿಂಗ: ಒಂದೂ ಇಲ್ಲಂದ್ರ 0, 1ರಿಂದ 5 ಇದ್ರ ಅರ್ಧ ಪ್ಲಸ್, 6ರಿಂದ 15 ಇದ್ರ 1 ಪ್ಲಸ್, 16ರಿಂದ 25 ಇದ್ರ 2 ಪ್ಲಸ್, 26ರಿಂದ 50 ಇದ್ರ 3 ಪ್ಲಸ್, ಅದಕ್ಕೂ ಮ್ಯಾಲಿದ್ರ 4 ಪ್ಲಸ್. ‘ಸ್ವಲ್ಪ ಸೆಲ್’ ಅಂತ ಬರೀಬ್ಯಾಡ್ರಿ, ಮುಂದಿನ ಸಲ ನೋಡಾವರಿಗೆ ಅದರಿಂದ ಏನೂ ತಿಳಿಯಂಗಿಲ್ಲ.

ಸಣ್ಣ ಕೂಸುಗಳನ್ನ ಕುರ್ಚಿ ಮ್ಯಾಲೆ ಮೊಣಕಾಲೂರಿ ನಿಲ್ಲಸೂದು ರೂಢಿ. ಈ ಮಕ್ಕಳಿಗೆ ಮೊಣಕಾಲ ಬಾವು, ನಿಲ್ಲಾಕ ಹೋದ್ರ ಅಳ್ತಾವ, ಆಮ್ಯಾಲೆ ಗದ್ದ ಇಡಂಗಿಲ್ಲ. ಅವ್ವನ ತೊಡಿ ಮ್ಯಾಲೆ ಕೂಡಿಸಿ ಕೆಳಗೊಂದು ದಿಂಬು ಕೊಡ್ರಿ. ಎರಡು ಸೆಕೆಂಡ್ ಸಿಕ್ರೂ ಸಾಕು, ನಾಲ್ಕು ಸಲ ಪ್ರಯತ್ನ ಮಾಡಬಹುದು. ಟಾರ್ಚ್ ಹಾಕಿ ನೋಡಿ ‘ನಾರ್ಮಲ್’ ಅಂತ ಬರದ್ರ ನೋಡದಂಗ ಲೆಕ್ಕ.

ಹಿಗ್ಗಿಸಿದ ಮ್ಯಾಲೆ ಪಾಪೆ ದುಂಡಗ ಆಗದ ಹೂವಿನ ಎಸಳಿನಂಗ ಆದ್ರ ಅಂಟಿಕೊಂಡದ ಅಂತ ಅರ್ಥ. ಕರಿಗುಡ್ಡಿ ಮ್ಯಾಲೆ 3 ಗಂಟಿ, 9 ಗಂಟಿ ದಿಕ್ಕಿನಾಗ ಸುಣ್ಣ ಬಳದಂಥಾ ಬಿಳಿ ಕಲೆ ಇದ್ರ ಭಾಳ ದಿನದಿಂದ ನಡದದ. ಮೊದಲ ಭೇಟಿಗೇ ಇವೆರಡೂ ಕಂಡ ಮಗುವಿಗೆ ಮುಂದ ಪೊರೆ, ಗ್ಲಾಕೋಮಾ (ಒತ್ತಡ ಏರಿ ಕಣ್ಣಿನ ನರ ಹಾಳಾಗೂದು) ಅಪಾಯ ಹೆಚ್ಚು, ಆ ಮಗುನ ಅದ ವಾರ ಹುಬ್ಬಳ್ಳಿಗೆ ಕಳಸ್ರಿ. ಕಣ್ಣಿನ ಒತ್ತಡ ಪ್ರತಿ ಸಲ ಬರೀರಿ. ಒತ್ತಡ ಅಳಿಯೋ ರಿಬೌಂಡ್ ಟೋನೋಮೀಟರ್ ಇದ್ರ ಮರಗಟ್ಟೋ ಹನಿ ಬೇಕಾಗಂಗಿಲ್ಲ, ಕೂಸು ಹೆದರಂಗಿಲ್ಲ.

ಒಂದು ಎಚ್ಚರಿಕಿ. ಯುವೈಟಿಸ್ ಕಂಡ ಕೂಡಲೆ ಜೆಐಎದ್ದ ಅಂತ ಷರಾ ಬರೀಬ್ಯಾಡ್ರಿ. ನಮ್ಮ ಕಡೆ ಟಿಬಿ ಮರೀಬಾರದು. ಕರಿಗುಡ್ಡಿ ಒಳಮೈಗೆ ದಪ್ಪ ಜಿಡ್ಡಿನ ಹನಿಯಂಥಾ ಕಲೆ ಅಂಟಿದ್ರ, ಇಲ್ಲಾ ಹಿಂದಿನ ಪರದೆಯೊಳಗ ಗಾಯ ಇದ್ರ ಮೊದಲ ಅದನ್ನ ಹುಡುಕಬೇಕು.

ಪಾಲಕರಿಗೆ ನೇರ ಹೇಳ್ರಿ: ಈ ರೋಗದಾಗ ಕೆಂಪಾಗದ ಕಣ್ಣ ಕುರುಡಾಗೂದು, ಅದಕ್ಕ ಕರಿಯೂದು.

ಔಷಧಿ_ಗದಗ

ಕೌಂಟರಿನ ಕಡೆಯ ತಪ್ಪುಗಳನ್ನು ಸೇರಿಸುತ್ತೇನೆ. ಯುವೈಟಿಸ್‌ಗೆ ಹಾಕುವ ಸ್ಟೀರಾಯ್ಡ್ ಹನಿ ಪ್ರೆಡ್ನಿಸೋಲೋನ್ ಅಸಿಟೇಟ್ 1% ತಳದಲ್ಲಿ ಕೂಡುವ ಔಷಧಿ. ಬಾಟಲಿ ಚೆನ್ನಾಗಿ ಅಲ್ಲಾಡಿಸದಿದ್ದರೆ ಮೊದಲ ವಾರ ಬರೀ ನೀರು, ಕೊನೆಯ ವಾರ ಗಟ್ಟಿ ಔಷಧಿ ಬೀಳುತ್ತದೆ. ಎರಡು ಬೇರೆ ಹನಿಗಳ ನಡುವೆ 5 ನಿಮಿಷ ಬಿಡಿ. ಈ ಸ್ಟೀರಾಯ್ಡ್ ಹನಿಯನ್ನು ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಒಯ್ಯುವವರಿದ್ದಾರೆ. ಕೊಡಬೇಡಿ, ಪೊರೆಯೂ ಒತ್ತಡವೂ ಇದರಿಂದಲೂ ಬರುತ್ತವೆ. ದಿನಕ್ಕೆ 1-2 ಹನಿ ಇಲ್ಲದೆ ಕಣ್ಣು ತಡೆಯುತ್ತಿಲ್ಲ ಅಂದರೆ ಅದು ಒಳಗಿನ ಔಷಧಿ ಶುರು ಮಾಡುವ ಹೊತ್ತು.

ಅದು ಮೊದಲಿಗೆ ರೋಗನಿರೋಧಕ ಪ್ರತಿಕ್ರಿಯೆ ತಗ್ಗಿಸುವ ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ದಿನಾ ನುಂಗಿಸಿದರೆ ಜೀವಕ್ಕೇ ಅಪಾಯ. ಚೀಟಿಯ ಮೇಲೆ ವಾರದ ಹೆಸರನ್ನೇ ಕನ್ನಡದಲ್ಲಿ ಬರೆದುಕೊಡಿ, ‘ವಾರಕ್ಕೊಮ್ಮೆ’ ಅಂತ ಬರೆದರೆ ಸಾಲದು. ಪರಿಣಾಮ ಕಾಣಲು ಮೂರು ತಿಂಗಳಾದರೂ ಬೇಕು, ಅಷ್ಟರೊಳಗೆ ಮನೆಯವರೇ ನಿಲ್ಲಿಸಿಬಿಡುತ್ತಾರೆ. ಸಾಲದಿದ್ದರೆ ಅಡಾಲಿಮುಮ್ಯಾಬ್ ಎಂಬ ಸೂಜಿ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಮೆಥೋಟ್ರೆಕ್ಸೇಟ್ ಜೊತೆ ಇದನ್ನು ಕೊಟ್ಟ ಮಕ್ಕಳಲ್ಲಿ ಚಿಕಿತ್ಸೆ ಸೋತದ್ದು 27%, ಮೆಥೋಟ್ರೆಕ್ಸೇಟ್ ಒಂದೇ ಪಡೆದವರಲ್ಲಿ 60%. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಕಡ್ಡಾಯ. 30 ಕೆಜಿ ಒಳಗಿನವರಿಗೆ ಸಾಮಾನ್ಯವಾಗಿ 20 ಮಿಗ್ರಾಂ, ಮೇಲಿನವರಿಗೆ 40 ಮಿಗ್ರಾಂ, ಎರಡು ವಾರಕ್ಕೊಮ್ಮೆ. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮನೆ ಫ್ರಿಜ್ಜಿನಲ್ಲಿ ಐಸ್ ಡಬ್ಬಿಗೆ ತಾಗಿಸಿಟ್ಟು ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಆ ಸೂಜಿಯ ದುಡ್ಡು ಹೋಯಿತು.

ಎಟನರ್ಸೆಪ್ಟ್ ಎಂಬ ಇನ್ನೊಂದು ಸೂಜಿ ಕೀಲಿಗೆ ಒಳ್ಳೆಯದು, ಕಣ್ಣಿಗೆ ಅಷ್ಟಕ್ಕಷ್ಟೇ. ಅದರ ಮೇಲಿರುವ ಮಗುವಿನ ಕೀಲು ಆರಾಮಿದ್ದರೂ ಕಣ್ಣಿನ ಮೇಲೆ ನಿಗಾ ಇರಲಿ.

ಸ್ಲಿಟ್‌ಲ್ಯಾಂಪ್_ಹಾವೇರಿ

ಭಾಳ ಉಪಕಾರ್ರೀ. ಇನ್ನೊಂದ ಪ್ರಶ್ನೆ: ಯುವೈಟಿಸ್ ಆಗಿ, ಆರಾಮಾಗಿ, ಔಷಧಿ ಇಳಸಾಕ ಹತ್ತಿದ ಮಗುಗೂ ಮೂರ ತಿಂಗಳ ಏನ್ರಿ?

ಮಕ್ಕಳ_ಕೀಲು_ಹುಬ್ಬಳ್ಳಿ

ಅಲ್ಲ, ಇಳಿಸುವಾಗ ಇನ್ನೂ ಹತ್ತಿರ. ಹನಿ ಕಡಿಮೆ ಮಾಡಿದಾಗಲೆಲ್ಲ ಒಂದು ತಿಂಗಳೊಳಗೆ, ಮಾತ್ರೆ ಅಥವಾ ಸೂಜಿ ಕಡಿಮೆ ಮಾಡಿದರೆ ಎರಡು ತಿಂಗಳೊಳಗೆ ನೋಡಬೇಕು. ಕಣ್ಣು ಎರಡು ವರ್ಷ ಪೂರಾ ಶಾಂತವಾಗಿರದೆ ಮಾತ್ರೆ, ಸೂಜಿ ಇಳಿಸೋದೇ ಬೇಡ. ನಿಲ್ಲಿಸಿದ ಮೇಲೂ ಮರುಕಳಿಸುತ್ತದೆ, ಆಗಲೂ ಕಣ್ಣು ಕೆಂಪಾಗೋದಿಲ್ಲ.

ಸ್ಲಿಟ್‌ಲ್ಯಾಂಪ್_ಹಾವೇರಿ

ತಿಳೀತ್ರಿ. 9 ವರ್ಷದಾಕಿಗೆ ವರ್ಷಕ್ಕೊಮ್ಮೆ ಅಂತ ಬರದಿದ್ದೆ, ಈಗ ಹೊಡದಹಾಕಿ ಮೂರು ತಿಂಗಳ ಮಾಡೀನಿ. ರಿಜಿಸ್ಟರಿನಾಗ ವಯಸ್ಸಿನ ಬಾಜೂಕ ‘ಶುರುವಾದ ತಿಂಗಳು, ವರ್ಷ’ ಅಂತ ಇನ್ನೊಂದು ಮನಿ ಗೆರಿ ಹೊಡದೀನಿ.