ಗಾಡಿಯೇ ಮನೆಯಾದರೆ ಮಗಳು ಬಾಣಂತನಕ್ಕೆ ಎಲ್ಲಿಗೆ ಬರಬೇಕು?

ಗಾಡಿಮೇಷ್ಟ್ರು, ದಾವಣಗೆರೆ:
ನಿವೃತ್ತಿಯಾದ ಮೇಲೆ ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಆರ್‌ಟಿಒ ಒಪ್ಪಿಗೆ ಪಡೆದು ಕ್ಯಾರವಾನ್ ಮಾಡಿಸಿಕೊಂಡೆವು. ಎರಡು ಮಂಚ, ಒಂದು ಒಲೆ, 80 ಲೀಟರ್ ನೀರಿನ ಟ್ಯಾಂಕ್. ವಿದ್ಯಾನಗರದ ಮನೆಯನ್ನು ಬಾಡಿಗೆಗೆ ಕೊಟ್ಟು ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ನಾವಿಬ್ಬರೂ ಗಾಡಿಯಲ್ಲೇ ಇದ್ದೇವೆ. ದಿನವೂ ರಾತ್ರಿ ಎಂಟಕ್ಕೆ ಮಗಳಿಗೆ ವಿಡಿಯೋ ಕರೆ ಮಾಡುತ್ತೇವೆ. ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಅವಳ ಮನೆಯ ಮುಂದೆಯೇ ಗಾಡಿ ನಿಲ್ಲಿಸುತ್ತೇವೆ. ಎಲ್ಲವೂ ಚೆನ್ನಾಗಿದೆ ಎಂದೇ ತಿಳಿದಿದ್ದೆ. ಈಗ ಅವಳಿಗೆ ಐದು ತಿಂಗಳು. "ಅಪ್ಪಾ, ಕುಬಸ ಎಲ್ಲಿ ಮಾಡುತ್ತೀರಿ? ಬಾಣಂತನಕ್ಕೆ ಎಲ್ಲಿಗೆ ಬರಲಿ?" ಎಂದು ಕೇಳಿದಳು. ತಮಾಷೆಗೆ, "ಗಾಡಿಯೇ ನಿನ್ನ ತವರು" ಎಂದೆ. ಫೋನ್ ಇಟ್ಟಳು. ನಾಲ್ಕು ದಿನಗಳಿಂದ ಎಂಟು ಗಂಟೆಯ ಕರೆಗೆ ಅಳಿಯಂದಿರು ಮಾತ್ರ ಸಿಗುತ್ತಿದ್ದಾರೆ. ನಾನು ಅಂದದ್ದರಲ್ಲಿ ಅಷ್ಟೊಂದು ತಪ್ಪೇನಿತ್ತು?

ಹೊಳೆದಂಡೆ, ಹರಿಹರ:
ಮೇಷ್ಟ್ರೇ, ಕೇಳುವ ಮಾತೇ ಇದು? ಬಾಣಂತಿಗೆ ಬೆಳಗಾದರೆ ಹಂಡೆ ತುಂಬ ಸುಡುನೀರು ಬೇಕು. ನಿಮ್ಮ ಟ್ಯಾಂಕು ಅವಳ ಒಂದು ಎರೆಯುವಿಕೆಗೇ ಬರಿದಾಗುತ್ತದೆ. ಕೂಸಿಗೆ? ಬಟ್ಟೆಗೆ? ಆ ತಗಡಿನ ಪೆಟ್ಟಿಗೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿ ನೋಡಿ, ಎಲ್ಲರೂ ಕೆಮ್ಮುತ್ತಾ ರಸ್ತೆಗೆ ಬರುತ್ತೀರಿ. ನನಗೆ ತವರೆಂದರೆ ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದ ತೊಲೆ. ಅಮ್ಮ ಹೋಗಿ ಆರು ವರ್ಷವಾದರೂ ಅದರ ಕೆಳಗೆ ಒಂದು ಗಳಿಗೆ ಕುಳಿತು ಬರುತ್ತೇನೆ.

ಕರಿಕಂಬಳಿ, ಚಳ್ಳಕೆರೆ:
ಅಕ್ಕಾ, ತೊಲೆ ಇಲ್ಲದವರೂ ಬಾಳಿದ್ದಾರೆ. ನಮ್ಮಪ್ಪ ಕುರಿಗಾರರು. ನಮ್ಮ ಸೀಮೆಯಲ್ಲಿ ಮೇವು ಮುಗಿದರೆ ಮಂದೆ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆಗಳತ್ತ ಹೋಗುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ, ಬೀಳುವ ಗೊಬ್ಬರಕ್ಕಾಗಿ ಗದ್ದೆಯವರು ಭತ್ತವನ್ನೋ ದುಡ್ಡನ್ನೋ ಕೊಡುತ್ತಿದ್ದರು. ತಿಂಗಳುಗಟ್ಟಲೆ ಸುದ್ದಿಯೇ ಇರುತ್ತಿರಲಿಲ್ಲ. ನಾಯಕನಹಟ್ಟಿ ತೇರಿಗೆ ಮಾತ್ರ ತಪ್ಪದೆ ಬರುತ್ತಿದ್ದರು. ಆದರೂ ಒಬ್ಬ ನೆಂಟನೂ ದೂರವಾಗಲಿಲ್ಲ. ಅಪ್ಪನ ಮಾತುಗಾರಿಕೆಯಿಂದ ಎನ್ನುವಂತಿಲ್ಲ, ಅವರು ಮಾತೇ ಆಡುವವರಲ್ಲ. ಊರಿನಲ್ಲಿ ಅಜ್ಜಿ ಇದ್ದಳು. ಮದುವೆಗೆ ಮುಯ್ಯಿ, ಸಾವಿನ ಮನೆಗೆ ಅಕ್ಕಿ, ಎಲ್ಲವನ್ನೂ ಅಪ್ಪನ ಹೆಸರಿನಲ್ಲಿ ಅವಳೇ ಮುಟ್ಟಿಸುತ್ತಿದ್ದಳು. ಮೇಷ್ಟ್ರೇ, ನಿಮ್ಮ ಹೆಸರಿನಲ್ಲಿ ಮುಯ್ಯಿ ಮಾಡುವವರು ಊರಿನಲ್ಲಿ ಯಾರಿದ್ದಾರೆ?

ಕೋಟೆ ಸೊಸೆ, ಚಿತ್ರದುರ್ಗ:
ಎಲ್ಲರೂ ಮೇಷ್ಟ್ರ ಮೇಲೆಯೇ ಬಿದ್ದಿದ್ದೀರಿ. (1997ರ ತನಕ ದಾವಣಗೆರೆ ನಮ್ಮ ಜಿಲ್ಲೆಯಲ್ಲೇ ಇತ್ತು, ಆ ಸಲುಗೆಯಿಂದ ಬಾಯಿ ಹಾಕುತ್ತಿದ್ದೇನೆ.) ನನ್ನ ಅತ್ತೆ ಮಾವನೂ ಗಾಡಿಯಲ್ಲೇ ಇರುವವರು. ವರ್ಷದಲ್ಲಿ ಮೂರು ತಿಂಗಳು ನಮ್ಮ ಅಂಗಳದಲ್ಲಿ ನಿಲ್ಲುತ್ತಾರೆ, ಅಡುಗೆಮನೆಯ ಕಿಟಕಿಯಿಂದ ಕರೆಂಟಿನ ವೈರು ಎಳೆದುಕೊಳ್ಳುತ್ತಾರೆ. ಒಂದೇ ಸೂರಿನಡಿ ಇದ್ದಾಗ ಉಪ್ಪಿಗೂ ಟಿವಿಗೂ ಜಗಳವಾಗುತ್ತಿತ್ತು. ಈಗ ಅತ್ತೆ ಒಗ್ಗರಣೆಯ ವಾಸನೆ ಹಿಡಿದು ಟೀಕಿಸುವಷ್ಟು ಹತ್ತಿರ ಇದ್ದಾರೆ, ಪಾತ್ರೆಯ ಮುಚ್ಚಳ ತೆಗೆಯಲಾಗದಷ್ಟು ದೂರ ಇದ್ದಾರೆ. ಒಂಬತ್ತೂವರೆಗೆ ಅವರವರ ಬಾಗಿಲು ಅವರವರಿಗೆ. ನನ್ನ ಮಗನಂತೂ ಅಜ್ಜಿಯ ಗಾಡಿಯಲ್ಲೇ ಮಲಗುತ್ತಾನೆ. ತಕರಾರು ಇರುವುದು ಒಂದೇ: ಶೌಚದ ಟ್ಯಾಂಕ್ ಖಾಲಿ ಮಾಡುವ ದಿನವೇ ನನ್ನ ಗಂಡನಿಗೆ ಕಚೇರಿಯಲ್ಲಿ ಕೆಲಸ ಹೆಚ್ಚಿರುತ್ತದೆ.

ಹೊಳೆದಂಡೆ:
ಮಾವನವರಿಗೆ ಜ್ವರ ಬಂದಾಗ ಎಲ್ಲಿ ಮಲಗಿಸಿದಿರಿ?

ಕೋಟೆ ಸೊಸೆ:
ನಮ್ಮ ಹಾಲ್‌ನಲ್ಲಿ. ಗೊತ್ತಾಯಿತು ಬಿಡಿ ನೀವು ಎಲ್ಲಿಗೆ ಬರುತ್ತಿದ್ದೀರಿ ಎಂದು.

ಲಾರಿಯಣ್ಣ, ಹಿರಿಯೂರು:
ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನ ಮಾತು ಕೇಳಿ. ದಿನಾ ಎಂಟಕ್ಕೆ ಮಾಡುವ ಕರೆ ಶಾಲೆಯ ಹಾಜರಿ ಇದ್ದ ಹಾಗೆ. ಆ ಕಡೆಯವರು "ಇದ್ದೇನೆ ಸಾರ್" ಎಂದು ಕೂರುತ್ತಾರೆ, ಅಷ್ಟೇ. ನನ್ನ ಮಗಳು ಬಾಯಿ ಬಿಟ್ಟದ್ದೆಲ್ಲ ನಾನು ಹೇಳದೆ ಕೇಳದೆ ಮನೆಗೆ ಹೋದ ರಾತ್ರಿಗಳಲ್ಲಿ. ಇನ್ನೊಂದು, 55 ದಾಟಿದವರಿಗೆ ಲೈಸೆನ್ಸ್ ನವೀಕರಿಸಿಕೊಡುವುದು ಐದೈದು ವರ್ಷಕ್ಕೆ. ಅದು ಸಿಗದ ದಿನ ಗಾಡಿ ನಿಲ್ಲುವುದು ಮಗಳ ಬಾಗಿಲಲ್ಲೇ. ನೆನಪಿರಲಿ.

ಗಾಡಿಮೇಷ್ಟ್ರು:
ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ವಾರದ ಹಿಂದೆಯೇ ಬಾಡಿಗೆಯವರನ್ನು ಮನೆ ಬಿಟ್ಟುಕೊಡುತ್ತೀರಾ ಎಂದು ಕೇಳಿದ್ದಳಂತೆ. ಮೂರು ತಿಂಗಳ ಹಿಂದೆ ನಾನೇ ಕರಾರನ್ನು ಮತ್ತೆ 11 ತಿಂಗಳಿಗೆ ಬರೆದುಕೊಟ್ಟಿದ್ದೇನೆ. ಅವರು ಬಿಡುವುದಿಲ್ಲ, ಬಿಡಿ ಎನ್ನುವ ಮುಖವೂ ನನಗಿಲ್ಲ. ಗಾಡಿಯನ್ನಂತೂ ಮಾರುವುದಿಲ್ಲ. ಆದರೆ ಆರೇಳು ತಿಂಗಳಿಗೆ ನೆಲಮಹಡಿಯಲ್ಲಿ ಎರಡು ಕೋಣೆ, ಹಂಡೆ ಒಲೆ ಇರುವ ಬಚ್ಚಲು ಎಲ್ಲಾದರೂ ಇದ್ದರೆ ತಿಳಿಸಿ. ಹೊಳೆದಂಡೆಯವರೇ, ತೊಲೆಯ ಮನೆ ಈಗ ಸಿಗುವುದು ಕಷ್ಟ. ಆರ್‌ಸಿಸಿ ಸೂರಿನಲ್ಲಿ ತೊಟ್ಟಿಲಿನ ಕೊಕ್ಕೆ ಇದ್ದರೆ ಸಾಕೇ?

ಹೊಳೆದಂಡೆ:
ಸಾಕು. ಮುಂಗಡ ಕೊಡುವ ಮೊದಲು ಆ ಕೊಕ್ಕೆಯನ್ನು ಜೋತುಬಿದ್ದು ಎಳೆದು ನೋಡಿ. ದಾವಣಗೆರೆಯಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಕೆಳಗಡೆ ಖಾಲಿ ಇರಬೇಕು, ಸಂಜೆ ಕೇಳಿ ಹೇಳುತ್ತೇನೆ. ಮಗಳಿಗೆ ಮಾತ್ರ ಎಂಟು ಗಂಟೆಗೆ ಫೋನ್ ಮಾಡಬೇಡಿ, ಈಗಲೇ ಬಸ್ಸು ಹತ್ತಿ.